ಮಳೆನೀರು ಕುಡಿದ ದೋಣಿ

ದಿನಾ ಕಡಲಿಗೆ ಹೋಗಿಬರುವ ಫೈಬರ್ ದೋಣಿಗಿಂತ ತೆಂಗಿನ ತೋಟದಲ್ಲಿ ಸುಮ್ಮನೆ ಮಲಗಿದ ಫೈಬರ್ ದೋಣಿ ಬೇಗ ಹಾಳಾಗುತ್ತದೆ. ಗಂಗೊಳ್ಳಿಯ ಹೊಳೆದಂಡೆಯಲ್ಲಿ ಸೋದರಮಾವನ ಹಳೆಯ ನಾಡದೋಣಿಯನ್ನು ಬಿಚ್ಚಿ, ಒಣಗಿಸಿ, ಮತ್ತೆ ಕಟ್ಟಿದ ಮೇಲೆ ಈ ಮಾತಿನಲ್ಲಿ ನನಗೆ ಸಂಶಯ ಉಳಿದಿಲ್ಲ. ಮಂಡಿನೋವಿನಿಂದ ಮಾವ ಕಡಲಿಗೆ ಹೋಗುವುದನ್ನು ಬಿಟ್ಟರು. ಇಂಜಿನ್ ಬಿಚ್ಚಿ ಮನೆಯೊಳಗೆ ಇಟ್ಟರು, ಬಲೆಯನ್ನು ಅಟ್ಟಕ್ಕೆ ಏರಿಸಿದರು. ದೋಣಿ ಮಾತ್ರ ಹೊರಗೆ ಉಳಿಯಿತು. ಫೈಬರ್ ಅಲ್ಲವೇ, ಅದಕ್ಕೇನಾಗುತ್ತದೆ ಎಂದು ಮಾವನೂ ಅಂದುಕೊಂಡರು, ಊರೂ ಅಂದುಕೊಂಡಿತು.

ಮರದ ದೋಣಿಯ ಕಾಲದಲ್ಲಿ ಯಾರೂ ಹಾಗೆ ಅಂದುಕೊಳ್ಳುತ್ತಿರಲಿಲ್ಲ. ಹೆಬ್ಬಲಸಿನ ಹಲಗೆಯಲ್ಲಿ ಮಾಡಿದ ದೋಣಿಗೆ ತಪ್ಪದೆ ಗೇರೆಣ್ಣೆ ಬಳಿಯುತ್ತಿದ್ದರು. ಮಳೆಗಾಲಕ್ಕೆ ಮುಂಚೆ ದಂಡೆಗೆ ಎಳೆದು, ಮಡಲಿನ ಚಪ್ಪರ ಹಾಕಿ, ಒಳಗೆ ಹನಿ ಬೀಳದಂತೆ ನೋಡಿಕೊಳ್ಳುತ್ತಿದ್ದರು. ಆರೈಕೆ ತಪ್ಪಿದರೆ ಮರವೇ ಅದನ್ನು ತೋರಿಸುತ್ತಿತ್ತು. ಸಂದು ಬಿಡುತ್ತಿತ್ತು, ಹುಳ ಬೀಳುತ್ತಿತ್ತು. ಫೈಬರ್ ಬಂದಾಗ ನಮ್ಮ ದಂಡೆಗೆ ದೊಡ್ಡ ಉಪಕಾರವೇ ಆಯಿತು. ಹಗುರ, ಸೋರುವುದಿಲ್ಲ, ಎಳೆಯಲು ಆಳು ಕಡಿಮೆ ಸಾಕು. ಆದರೆ ಎಣ್ಣೆಯ ಜತೆಗೆ ಚಪ್ಪರದ ರೂಢಿಯೂ ಹೋಯಿತು. ಎಣ್ಣೆ ಬೇಡವಾದದ್ದು ಸರಿ. ಚಪ್ಪರ ಬೇಡವಾದದ್ದು ಸರಿಯಲ್ಲ.

ಏಕೆಂದರೆ ಫೈಬರ್ ದೋಣಿ ಪೂರ್ತಿ ಫೈಬರ್ ಅಲ್ಲ. ಗಾಜಿನ ಎಳೆಯ ಮ್ಯಾಟ್ ಮತ್ತು ಪಾಲಿಯೆಸ್ಟರ್ ರೆಸಿನ್ ಸೇರಿ ಆದ ಚಿಪ್ಪು ಅದು. ಬಲ ಬೇಕಾದ ಕಡೆಗಳಲ್ಲಿ ಒಳಗೆ ಪ್ಲೈವುಡ್ ಇರುತ್ತದೆ: ಇಂಜಿನ್ ಕೂರುವ ಹಿಂದಿನ ಹಲಗೆಯಲ್ಲಿ, ಅಡ್ಡ ಕೂರುಪಟ್ಟಿಗಳಲ್ಲಿ, ಹಗ್ಗ ಕಟ್ಟುವ ಗೂಟದ ಬುಡದಲ್ಲಿ. ಮುಂದೆ ಮತ್ತು ಹಿಂದೆ, ದೋಣಿ ಮಗುಚಿದರೂ ತೇಲಲಿ ಎಂದು ಮುಚ್ಚಿದ ಪೆಟ್ಟಿಗೆಗಳಲ್ಲಿ ಫೋಮ್ ತುಂಬಿರುತ್ತಾರೆ. ಈ ಮರಕ್ಕೂ ಫೋಮಿಗೂ ಕಡಲ ನೀರಿಗಿಂತ ಮಳೆನೀರು ದೊಡ್ಡ ಶತ್ರು. ಉಪ್ಪು ಸೇರಿದ ಮರದಲ್ಲಿ ಕೊಳೆಸುವ ಬೂಷ್ಟು ಸುಲಭವಾಗಿ ಬೆಳೆಯುವುದಿಲ್ಲ. ಸಿಹಿನೀರಲ್ಲಿ ನೆಂದ ಮರದಲ್ಲಿ ಅದಕ್ಕೆ ಹಬ್ಬ. ಹೊರಮೈಯ ಜೆಲ್‌ಕೋಟಿನ ಮೂಲಕ ಒಳಗೆ ಇಳಿದು ಗುಳ್ಳೆ ಎಬ್ಬಿಸುವುದರಲ್ಲೂ ಸಿಹಿನೀರೇ ಉಪ್ಪುನೀರಿಗಿಂತ ಚುರುಕು. ನಮ್ಮ ಉಡುಪಿ ಸೀಮೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಮಾವನ ದೋಣಿಯ ಹಿಂಭಾಗ ತಗ್ಗಿನಲ್ಲಿತ್ತು, ನೀರು ಬಿಡುವ ತೂತಿನ ಬಿರಡೆ ಹಾಕಿಯೇ ಇತ್ತು. ಮಳೆಗಾಲ ಕಳೆದು ಮಳೆಗಾಲ ಬಂದರೂ ಹಿಂದಿನ ಹಲಗೆ ನೀರಲ್ಲೇ ನಿಂತಿತ್ತು.

ರಿಪೇರಿ ಮಾಡುವ ಮಾತೆತ್ತಿದಾಗ ನಾನು ಬಣ್ಣ, ರೆಸಿನ್, ಮ್ಯಾಟ್ ಎಂದು ಸಾಮಾನಿನ ಪಟ್ಟಿ ಹಿಡಿದು ಕೂತಿದ್ದೆ. ಮಾವ ಒಂದು ಸಣ್ಣ ಸುತ್ತಿಗೆ ತಂದು ಕೈಗಿಟ್ಟರು. “ಮೊದ್ಲ್ ಬಡ್ದ್ ಕಾಣ್ ಮಾರಾಯ. ಎಲ್ಲಿ ಸತ್ತಿತ್ ಅಂದ್ ಅದೇ ಹೇಳತ್ತ್.” ಹಲಸಿನಕಾಯಿ ಬಡಿದು ನೋಡುವ ಹಾಗೆಯೇ. ಗಟ್ಟಿ ಇರುವಲ್ಲಿ ಸದ್ದು ಟಣ್ಣೆಂದು ಚೂಪಾಗಿ ಬರುತ್ತದೆ. ಪದರ ಬಿಟ್ಟಲ್ಲಿ, ಒಳಗೆ ಮರ ಕೊಳೆತಲ್ಲಿ, ದಬ್ ಎಂದು ಮಂಕಾಗುತ್ತದೆ. ಅಂಗೈ ಅಗಲದ ಜಾಗವನ್ನೂ ಬಿಡದೆ ಬಡಿದು, ಮಂಕು ಸದ್ದು ಬಂದ ಕಡೆಗೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಕೆಲಸ ಮುಗಿದಾಗ ದೋಣಿಯ ಮೈಮೇಲೆ ಒಂದು ನಕ್ಷೆಯೇ ಮೂಡಿತ್ತು. ಅಕ್ಕಪಕ್ಕದ ಮೈ ಹೆಚ್ಚುಕಡಿಮೆ ಪೂರ್ತಿ ಗಟ್ಟಿ. ಕಣ್ಣಿಗೆ ರಾಚುತ್ತಿದ್ದ ಬಿರುಕುಗಳು, ನಕ್ಷತ್ರದಂತೆ ಹರಡಿದ ಗೀರುಗಳು ಬಹಳ ಕಡೆ ಬರೀ ಜೆಲ್‌ಕೋಟಿನವು. ನೋಡಲು ನುಣುಪಾಗಿ, ಹೊಳಪು ಉಳಿಸಿಕೊಂಡಿದ್ದ ಹಿಂದಿನ ಹಲಗೆಯೇ ಅಂಚಿನಿಂದ ಅಂಚಿಗೆ ಮಂಕು.

ಹಳೆ ದೋಣಿ ಕೊಳ್ಳಲು ಹೊರಟವರಿಗೆ ನಾನು ಇದನ್ನೇ ಹೇಳುತ್ತೇನೆ. ಬಣ್ಣ ನೋಡಬೇಡಿ, ಇಂಜಿನ್ ಕೂರುವ ಹಲಗೆ ನೋಡಿ. ಒಳಮೈಯಿಂದ ಸಣ್ಣ ಡ್ರಿಲ್ ಬಿಟ್ಟು ಹೊರಬರುವ ಪುಡಿ ನೋಡಿ. ಒಣಗಿದ ತಿಳಿ ಬಣ್ಣದ ಪುಡಿ ಬಂದರೆ ಮರ ಬದುಕಿದೆ. ಕಪ್ಪಗೆ ಒದ್ದೆಯಾಗಿ ಬಂದರೆ ಹಲಗೆ ಹೋಯಿತು. ಮಾರುವವರು ತೂತು ಮಾಡಲು ಒಪ್ಪದಿದ್ದರೆ, ಇಂಜಿನ್ ಕೂರಿಸಿಯೇ ಇದ್ದಾಗ ಅದನ್ನು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಹಲಗೆ ಒಂದಿಷ್ಟು ಬಾಗಿದರೂ ಆ ದೋಣಿಯ ಬೆಲೆ ಅರ್ಧವೂ ಅಲ್ಲ.

ಹಿಂದಿನ ಹಲಗೆಯ ಒಳಪದರವನ್ನು, ಸುತ್ತ ಎರಡು ಮೂರು ಅಂಗುಲದ ಅಂಚು ಬಿಟ್ಟು, ಗ್ರೈಂಡರಿನಲ್ಲಿ ಕೊಯ್ದು ತೆಗೆದಾಗ ಒಳಗಿದ್ದ ಪ್ಲೈವುಡ್ ಹಲಗೆಯಾಗಿ ಬರಲಿಲ್ಲ. ಕೈಯಲ್ಲಿ ಬಾಚಿ ತೆಗೆಯಬೇಕಾಯಿತು. ಕಾರಣ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಇಂಜಿನ್ ಬಿಗಿಯಲು ಕೊರೆದ ಬೋಲ್ಟಿನ ತೂತುಗಳ ಒಳಗೋಡೆ ಏನೂ ಬಳಿಯದ ಬರಿಯ ಮರವಾಗಿಯೇ ಇತ್ತು. ವಾಷರ್ ಕೆಳಗೆ ಚೂರು ಸೀಲಂಟ್ ಬಳಿದಿದ್ದರು, ಅದು ಒಣಗಿ ಉದುರಿತ್ತು. ಒಂದು ಬೆರಳಿನ ದಪ್ಪದ ತೂತಿನಿಂದ ಇಡೀ ಹಲಗೆ ನೀರು ಕುಡಿದಿತ್ತು. ದೋಣಿ ಕಟ್ಟುವಾಗಲೇ ಅರ್ಧ ಗಂಟೆ ಹೆಚ್ಚು ಖರ್ಚು ಮಾಡಿದ್ದರೆ ತಪ್ಪುತ್ತಿದ್ದ ಹಾನಿ ಅದು. ಈಗ ನಾವು ಬೋಲ್ಟಿಗೆ ಬೇಕಾದ್ದಕ್ಕಿಂತ ಅಗಲವಾಗಿ ತೂತು ಕೊರೆದು, ಅದನ್ನು ಎಪಾಕ್ಸಿ ಅಂಟಿನಿಂದ ಪೂರ್ತಿ ತುಂಬಿಸಿ, ಗಟ್ಟಿಯಾದ ಮೇಲೆ ಆ ಎಪಾಕ್ಸಿಯ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆದಿದ್ದೇವೆ. ಸೀಲಂಟ್ ಉದುರಿದರೂ ನೀರಿಗೆ ಮರ ಸಿಗುವುದಿಲ್ಲ.

ಮುಂದಿನ ಪೆಟ್ಟಿಗೆಯ ಫೋಮ್ ಇನ್ನೊಂದು ಕತೆ. ದೋಣಿ ಯಾಕೆ ಇಷ್ಟು ಭಾರವಾಗಿದೆ ಎಂಬುದಕ್ಕೆ ಉತ್ತರ ಅಲ್ಲಿತ್ತು. ಹಿಂಡಿದರೆ ನೀರು ಸುರಿಯುತ್ತಿತ್ತು. ತೇಲಿಸಬೇಕಾದ ವಸ್ತುವೇ ಮುಳುಗಿಸುವ ತೂಕವಾಗಿತ್ತು. ಅದನ್ನು ಒಣಗಿಸಲು ಹೋಗಬಾರದು, ತೆಗೆದು ಎಸೆಯಬೇಕು. ಅದರ ಬದಲಿಗೆ ಥರ್ಮಾಕೋಲ್ ತುಂಬಿಸಿ ಎಂದು ಹಲವರು ಸಲಹೆ ಕೊಟ್ಟರು. ಆದರೆ ಪಾಲಿಯೆಸ್ಟರ್ ರೆಸಿನಿನಲ್ಲಿರುವ ಸ್ಟೈರೀನ್ ತಾಗಿದರೆ ಥರ್ಮಾಕೋಲ್ ಕರಗಿ ಅಂಟು ಪಾಕವಾಗುತ್ತದೆ, ಪೆಟ್ಟಿಗೆ ಒಳಗಿಂದ ಖಾಲಿಯಾಗುತ್ತದೆ. ನಾವು ರೆಸಿನಿಗೆ ಕರಗದ ಪಾಲಿಯುರೆಥೇನ್ ಫೋಮನ್ನೇ ಹಾಕಿದೆವು. ಪೆಟ್ಟಿಗೆಯ ತಳದಲ್ಲಿ ನೀರು ಹರಿದು ಹೋಗಲು ಒಂದು ತೂತನ್ನೂ ಅದಕ್ಕೊಂದು ಬಿರಡೆಯನ್ನೂ ಇಟ್ಟೆವು, ಒಳಗೆ ನೀರು ಸೇರಿದರೆ ಕನಿಷ್ಠ ಗೊತ್ತಾಗಲಿ ಎಂದು.

ಆದರೆ ಕೊಳೆತ ಮರ, ನೆಂದ ಫೋಮ್ ತೆಗೆದ ಮೇಲೆ, ಹೊಸದನ್ನು ಹಾಕುವ ಮುಂಚೆ ಬಂದದ್ದು ಇಡೀ ಕೆಲಸದಲ್ಲಿ ಅತಿ ದೀರ್ಘವಾದ, ಅತಿ ಮುಖ್ಯವಾದ, ಕೈಗೆ ಏನೂ ಕೆಲಸವಿಲ್ಲದ ಕಾಲ: ಒಣಗಿಸುವುದು. ಮೊದಲು ಚಿಪ್ಪನ್ನು ಒಳಹೊರಗೆ ಸಿಹಿನೀರಿನಿಂದ ರಭಸವಾಗಿ ತೊಳೆಯಬೇಕು. ಒಣಗಿಸಬೇಕಾದ ದೋಣಿಗೆ ಮತ್ತೆ ನೀರೇ ಎಂದು ಅನ್ನಿಸಬಹುದು. ಆದರೆ ಉಪ್ಪು ಉಳಿದರೆ ಅದು ಗಾಳಿಯ ಪಸೆಯನ್ನು ಎಳೆದುಕೊಳ್ಳುತ್ತಲೇ ಇರುತ್ತದೆ, ಎಷ್ಟು ಬಿಸಿಲು ಬಿದ್ದರೂ ಮೈ ಒಣಗುವುದಿಲ್ಲ. ತೊಳೆದ ಮೇಲೆ ನೆರಳಿನ ಚಪ್ಪರ ಹಾಕಿ, ಎರಡೂ ಕಡೆ ಗಾಳಿ ಆಡುವಂತೆ ಮರದ ದಿಮ್ಮಿಗಳ ಮೇಲೆ ಏರಿಸಿದೆವು. ಡಿಸೆಂಬರಿನಿಂದ ಮಾರ್ಚಿನವರೆಗಿನ ಕಾಲವೇ ಕರಾವಳಿಯಲ್ಲಿ ಇದಕ್ಕೆ ಒದಗುವುದು. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುವುದರಿಂದ ಬಿಡುವಿನ ಆ ತಿಂಗಳುಗಳಲ್ಲಿ ರಿಪೇರಿ ಮುಗಿಸುವ ರೂಢಿ ಇದೆ. ಇಂಜಿನ್ ಕೆಲಸಕ್ಕೆ ಅದು ಸರಿ. ಫೈಬರ್ ಕೆಲಸಕ್ಕೆ ಅದಕ್ಕಿಂತ ಕೆಟ್ಟ ಕಾಲ ಬೇರೆ ಇಲ್ಲ.

ಒಣಗಿದೆಯೇ ಎಂದು ತಿಳಿಯಲು ದುಬಾರಿ ಯಂತ್ರ ಬೇಕಿಲ್ಲ. ಒಂದು ಚೌಕ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಮೈಗೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಬಿಸಿಲು ಬೀಳುವಂತೆ ಬಿಟ್ಟು, ಮರುದಿನ ನೋಡಬೇಕು. ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿದರೆ ಚಿಪ್ಪಿನೊಳಗೆ ಇನ್ನೂ ನೀರಿದೆ ಎಂದರ್ಥ. ನಾನು ಪ್ರತಿ ಸಲ ಹಾಳೆ ತೆಗೆದು ಹನಿ ಕಂಡಾಗಲೂ ಮಾವ ಹೇಳುತ್ತಿದ್ದದ್ದು ಒಂದೇ: “ಒಣ್ಗ್ಲಿ ಮಾರಾಯ. ನಿಂಗೆಂತ ಅವಸ್ರ?” ಕಡಲು ಶಾಂತವಾಗುವುದನ್ನು ಕಾದು ಬದುಕಿದವರ ತಾಳ್ಮೆ ಅದು. ನೆಂದ ಚಿಪ್ಪಿನ ಮೇಲೆ ಹೊಸ ಪದರ ಹಾಕಿದರೆ ನೀರನ್ನು ಒಳಗೆ ಬೀಗ ಹಾಕಿ ಕೂಡಿಹಾಕಿದ ಹಾಗೆ. ಹೊಸ ಪದರವೇ ಮುಂದೆ ಸುಲಿದು ಬರುತ್ತದೆ. ಫೈಬರ್ ಕೆಲಸ ಕೆಟ್ಟಿತು ಎಂದು ಬೈಸಿಕೊಳ್ಳುವ ಎಷ್ಟೋ ಕೆಲಸಗಾರರ ಕೈ ಚೆನ್ನಾಗಿಯೇ ಇರುತ್ತದೆ. ಮಾಲೀಕರು ಅವರಿಗೆ ಕಾಯಲು ಬಿಟ್ಟಿರುವುದಿಲ್ಲ.

ಉಜ್ಜುವ ಕೆಲಸವನ್ನು ನಾನು ಪ್ರೀತಿಸಲಾರೆ, ಆದರೆ ಅದನ್ನು ಕಡಿತಗೊಳಿಸುವಂತಿಲ್ಲ. ಹಳೆಯ ಪಾಲಿಯೆಸ್ಟರ್ ಮೇಲೆ ಹೊಸ ಪದರ ರಾಸಾಯನಿಕವಾಗಿ ಬೆಸೆಯುವುದಿಲ್ಲ. ಉಜ್ಜಿ ಒರಟು ಮಾಡಿದ ಮೈಗೆ ಕಚ್ಚಿಕೊಳ್ಳುತ್ತದೆ, ಅಷ್ಟೇ. ಆದ್ದರಿಂದ ತೇಪೆ ಹಾಕುವಲ್ಲಿ ಅಂಚನ್ನು ಇಳಿಜಾರಾಗಿ ಉಜ್ಜಬೇಕು, ಚಿಪ್ಪಿನ ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ. ಅರ್ಧ ಅಂಗುಲ ದಪ್ಪಕ್ಕೆ ಆರು ಅಂಗುಲದ ಇಳಿಜಾರು. ಚೌಕ ತೂತಿಗೆ ಚೌಕ ತೇಪೆ ಹಚ್ಚಿ ಪುಟ್ಟಿ ಬಳಿದು ಬಣ್ಣ ಹೊಡೆದದ್ದು ದಂಡೆಯ ಮೇಲೆ ಚೆಂದ ಕಾಣುತ್ತದೆ. ಅಳಿವೆ ದಾಟುವಾಗ ಅಲೆ ಬಡಿದರೆ ಬಿಡುತ್ತದೆ. ಗಾಜಿನ ಧೂಳು ಚರ್ಮಕ್ಕೆ ಹೊಕ್ಕರೆ ರಾತ್ರಿಯಿಡೀ ನವೆ. ತುಂಬುತೋಳಿನ ಅಂಗಿ, ಕನ್ನಡಕ, ಒಳ್ಳೆಯ ಮಾಸ್ಕ್ ಇಲ್ಲದೆ ಗ್ರೈಂಡರ್ ಹಿಡಿಯಬಾರದು. ಬಾಯಿಗೆ ಬೈರಾಸು ಸುತ್ತಿಕೊಂಡು ಈ ಕೆಲಸ ಮಾಡುವ ಹುಡುಗರನ್ನು ನಮ್ಮ ದಂಡೆಯಲ್ಲಿ ನೋಡುವಾಗ ನನಗೆ ಸಂಕಟವಾಗುತ್ತದೆ. ಆ ಧೂಳನ್ನು ತಡೆಯುವ ಶಕ್ತಿ ಬೈರಾಸಿಗಿಲ್ಲ.

ರೆಸಿನ್ ಕಲಸುವಾಗಿನ ಎಚ್ಚರವನ್ನಂತೂ ಎಷ್ಟು ಸಲ ಹೇಳಿದರೂ ಕಡಿಮೆ. ಗಟ್ಟಿಯಾಗಲು ಎರಡು ದ್ರವ ಬೇಕು, ನೇರಳೆ ಬಣ್ಣದ ಕೋಬಾಲ್ಟ್ ಮತ್ತು ನೀರಿನಂತೆ ಕಾಣುವ ಕ್ಯಾಟಲಿಸ್ಟ್. ಇವೆರಡನ್ನು ಒಂದಕ್ಕೊಂದು ನೇರವಾಗಿ ಸೇರಿಸಿದರೆ ಬೆಂಕಿ ಹತ್ತಬಹುದು, ಸಿಡಿಯಬಹುದು. ಮೊದಲು ಕೋಬಾಲ್ಟನ್ನು ರೆಸಿನಿಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಕ್ಯಾಟಲಿಸ್ಟ್. ಎರಡರ ಅಳತೆ ಪಾತ್ರೆಯೂ ಬೇರೆ ಬೇರೆ ಇರಲಿ. ಕ್ಯಾಟಲಿಸ್ಟ್ ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿ ಹೋಗುವ ಅಪಾಯವಿದೆ. ಕಿಲೋ ರೆಸಿನಿಗೆ 10ರಿಂದ 20 ಮಿಲಿಲೀಟರ್ ಕ್ಯಾಟಲಿಸ್ಟ್ ವಾಡಿಕೆ. ನಮ್ಮ ಸೆಖೆಗೆ ಕೆಳಗಿನ ಅಳತೆಯೇ ಸಾಕು. ಕಲಸಿದ ರೆಸಿನನ್ನು ಬಕೆಟ್ಟಿನಲ್ಲಿ ರಾಶಿಯಾಗಿ ಬಿಟ್ಟರೆ ತನ್ನ ಕಾವಿಗೆ ತಾನೇ ಹೊಗೆಯಾಡುತ್ತದೆ, ಅಗಲ ತಟ್ಟೆಗೆ ಸುರಿದುಕೊಂಡರೆ ಕೆಲಸಕ್ಕೆ ನಾಲ್ಕು ನಿಮಿಷ ಹೆಚ್ಚು ಸಿಗುತ್ತದೆ. ಬೆಳಗಿನ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುಂಚೆ, ಚಪ್ಪರದ ಕೆಳಗೆ ಪದರ ಹಾಕಬೇಕು. ಮ್ಯಾಟ್, ಅದರ ಮೇಲೆ ಗಾಜಿನ ಎಳೆಯಲ್ಲಿ ನೇಯ್ದ ರೋವಿಂಗ್, ಮತ್ತೆ ಮ್ಯಾಟ್. ನಡುವೆ ಸಿಕ್ಕ ಗಾಳಿಯನ್ನು ರೋಲರಿನಲ್ಲಿ ಪೂರ್ತಿ ಹೊರಡಿಸಬೇಕು.

ಹಿಂದಿನ ಹಲಗೆಗೆ ಮಾತ್ರ ನಾವು ಎಪಾಕ್ಸಿಯನ್ನೇ ಬಳಸಿದೆವು. ಬೆಲೆ ಹಲವು ಪಟ್ಟು, ಆದರೆ ಹಳೆ ಫೈಬರಿಗೂ ಮರಕ್ಕೂ ಅದರಷ್ಟು ಹಿಡಿಯುವ ಅಂಟು ಇನ್ನೊಂದಿಲ್ಲ. 18 ಮಿಲಿಮೀಟರಿನ ಎರಡು ಮೆರೈನ್ ಪ್ಲೈ ಹಲಗೆಗಳು, ಐಎಸ್ 710 ಮುದ್ರೆ ಇದ್ದವು, ಒಂದಕ್ಕೊಂದು ಅಂಟಿಸಿ ಸುತ್ತಲ ಅಂಚನ್ನೂ ಎಪಾಕ್ಸಿಯಲ್ಲಿ ಮುಳುಗಿಸಿದಂತೆ ಬಳಿದು ಕೂರಿಸಿದೆವು. ಒಮ್ಮೆ ಎಪಾಕ್ಸಿ ಹಾಕಿದ ಜಾಗಕ್ಕೆ ಮೇಲಿನ ಪದರಗಳೂ ಎಪಾಕ್ಸಿಯವೇ ಆಗಬೇಕು. ಅದರ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ. ಮಾಮೂಲಿ ಮ್ಯಾಟಿನ ಎಳೆಗಳನ್ನು ಹಿಡಿದಿರುವ ಅಂಟು ಕರಗುವುದು ಸ್ಟೈರೀನಿನಲ್ಲಿ, ಎಪಾಕ್ಸಿಯಲ್ಲಲ್ಲ. ಹಾಗಾಗಿ ಅಲ್ಲಿಗೆ ನೇಯ್ದ ಬಟ್ಟೆಯನ್ನೇ ಹಾಕಬೇಕು. ಎಪಾಕ್ಸಿಗೆ ಬಿಸಿಲು ಆಗದು, ಮೇಲೆ ಬಣ್ಣ ಬೇಕೇ ಬೇಕು.

ತಳದ ನಡುಗೆರೆ ಮರಳಿನಲ್ಲಿ ಎಳೆದೆಳೆದು ಸವೆದಿತ್ತು, ಕೆಲವೆಡೆ ಗಾಜಿನ ಎಳೆ ಹೊರಗೆ ಕಾಣುತ್ತಿತ್ತು. ಅಲ್ಲಿ ರೋವಿಂಗಿನ ಪದರಗಳನ್ನು ಒಂದಕ್ಕಿಂತ ಒಂದು ಅಗಲವಾಗಿ ಹಾಕಿ ದಪ್ಪ ಮಾಡಿದೆವು. ಬಣ್ಣ ಬಳಿದದ್ದು ಕೊನೆಗೆ, ಬೇಗ ಮುಗಿಯಿತು. ಹೊಳೆಗೆ ಇಳಿಸಿದಾಗ ದೋಣಿಯ ಹಿಂಭಾಗ ಮೊದಲಿನಂತೆ ಕುಸಿದು ಕೂರಲಿಲ್ಲ, ನೀರಿನ ಗೆರೆ ಕೆಳಗೆ ಇಳಿದಿತ್ತು. ಈಗ ಮಾವನ ಮಗ ಕಂತುಬಲೆ ಹಾಕಿಕೊಂಡು ಅದರಲ್ಲೇ ಹೋಗಿಬರುತ್ತಾನೆ. ಮಳೆಗಾಲದಲ್ಲಿ ದಂಡೆಗೆ ಎಳೆದರೆ ಬಿರಡೆ ತೆಗೆದು ಗೂಟಕ್ಕೆ ಕಟ್ಟಿ ತೂಗು ಹಾಕುವುದು, ಮುಂಭಾಗ ಎತ್ತರಿಸಿಡುವುದು, ಟಾರ್ಪಾಲು ಮೈಗೆ ಅಂಟದಂತೆ ಬಿದಿರಿನ ಮೇಲೆ ಕಟ್ಟುವುದು, ಇವಿಷ್ಟನ್ನೂ ಅವನು ತಪ್ಪಿಸುವುದಿಲ್ಲ.

ಬಿಟ್ಟುಬಿಟ್ಟ ಎಲ್ಲ ದೋಣಿಯನ್ನೂ ಉಳಿಸಬಹುದು ಎಂದು ನಾನು ಹೇಳುವುದಿಲ್ಲ. ಹಳೆ ಮರದ ದೋಣಿ ಒಲೆಗೆ ಆಗುತ್ತಿತ್ತು. ಫೈಬರ್ ಕೊಳೆಯುವುದಿಲ್ಲ, ಸುಟ್ಟರೆ ವಿಷದ ಹೊಗೆ, ಕರಗಿಸಿ ಮತ್ತೆ ಎರಕ ಹೊಯ್ಯಲೂ ಆಗದು. ಅದಕ್ಕೇ ಗಟ್ಟಿ ಚಿಪ್ಪಿನ ಒಂದೊಂದು ದೋಣಿಯೂ ಮತ್ತೆ ನೀರಿಗೆ ಇಳಿಯಲಿ ಎಂಬ ಆಸೆ ನನಗೆ. ಆದರೆ ಚಿಪ್ಪಿನ ಪದರಗಳೇ ಉದ್ದಕ್ಕೂ ಬಿಟ್ಟಿದ್ದರೆ, ತಳದ ಬೆನ್ನು ಮುರಿದಿದ್ದರೆ, ಒಳಗಿನ ಅಡ್ಡಪಟ್ಟಿಗಳು ಮೈಯಿಂದ ಕಿತ್ತು ಬಂದಿದ್ದರೆ ಕೈ ಹಾಕಬಾರದು. ಅಂಥದ್ದರ ಮೇಲೆ ಹೊಸ ಬಣ್ಣ ಹೊಡೆದು ಕಡಿಮೆ ಬೆಲೆಗೆ ಕೊಡುವವರೂ ಇದ್ದಾರೆ, ಸಾಲ ಮಾಡಿ ಕೊಳ್ಳುವ ಹುಡುಗರೂ ಇದ್ದಾರೆ. ನನ್ನನ್ನು ಕೇಳಿದವರ ಜತೆ ನಾನೇ ಸುತ್ತಿಗೆ ಹಿಡಿದು ಹೋಗುತ್ತೇನೆ, ಮಾರುವವರು ಮುಖ ಸಿಂಡರಿಸಿದರೂ ಸರಿಯೇ, ಪೂರ್ತಿ ಬಡಿದು ನೋಡದೆ ಮುಂಗಡ ಕೊಡಲು ಬಿಡುವುದಿಲ್ಲ.