ಹಳೆಯ ಜೀಪು ಕೊಳ್ಳುವ ಮುನ್ನ ಅದರ ಅಡಿಗೆ ಇಳಿದು ನೋಡಿ

ಕೊಯ್ಲಿನ ಲೆಕ್ಕ ಮುಗಿದು ಕೈಗೆ ನಾಲ್ಕು ಕಾಸು ಬರುವ ಹೊತ್ತಿಗೆ ಸಂಘದ ಕಚೇರಿಯಲ್ಲಿ ಪ್ರತಿ ವರ್ಷವೂ ಒಂದು ಮಾತು ಕೇಳಿಬರುತ್ತದೆ: "ಬೆಂಗಳೂರಲ್ಲಿ ಒಂದು ಜೀಪು ನೋಡಿ ಬಂದಿದ್ದೇನೆ, ತರಲೋ ಬೇಡವೋ?" ಹೊಸ ಫೋರ್ ವೀಲ್ ಗಾಡಿಯ ಬೆಲೆ ಐದಾರು ಎಕರೆಯ ಬೆಳೆಗಾರರಿಗೆ ಎಟುಕುವಂಥದ್ದಲ್ಲ. ಆದರೆ ಗೊಬ್ಬರದ ಮೂಟೆ, ಕೊಯ್ದ ಹಣ್ಣು, ಅಡಿಕೆ ಗೊನೆ, ಮಳೆಗಾಲದ ನಡುರಾತ್ರಿಯಲ್ಲಿ ಆಸ್ಪತ್ರೆಗೆ ಹೋಗಬೇಕಾದವರು, ಇಷ್ಟನ್ನೂ ಹೊರುವ ಗಾಡಿ ನಮ್ಮ ದಾರಿಗಳಿಗೆ ಬೇರೊಂದಿಲ್ಲ. ಆದ್ದರಿಂದ ಕಾಫಿ ಬೋರ್ಡಿನ ಕೆಲಸಕ್ಕೆಂದು ಬೆಂಗಳೂರಿಗೆ ಹೋದವರು ಹಾಗೆಯೇ ದಂಡು ಪ್ರದೇಶದ ಕಡೆಗೆ ಕಾಲು ಹಾಕುವುದು ಸಹಜ. ಶಿವಾಜಿನಗರದಿಂದ ಹಿಡಿದು ಹಲಸೂರು, ಇಂದಿರಾನಗರ, ಕೆ.ಆರ್. ಪುರದವರೆಗೆ ಹುಡುಕಿದರೆ ಹಳೆಯ ಜೀಪು, ಜಿಪ್ಸಿ, ಥಾರ್ ಯಾವುದಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ.

ನಾವೂ ಹೀಗೆಯೇ ಹೋಗಿ ಒಂದನ್ನು ತಂದೆವು. ಹೊಸ ಹುಡ್ಡು, ಹೊಸ ಟೈರು, ಕನ್ನಡಿಯಂಥ ಹಸಿರು ಬಣ್ಣ. ಎಂಜಿನ್ನಿನ ಸದ್ದು ಕೇಳಿ, ಒಂದು ಸುತ್ತು ಓಡಿಸಿ, ಮುಂಗಡ ಎಣಿಸಿಬಿಟ್ಟೆವು. ಆ ಜೂನ್ ತಿಂಗಳಲ್ಲಿ ಗೊಬ್ಬರ ಹೇರಿಕೊಂಡು ತೋಟದ ಇಳಿಜಾರಿನಲ್ಲಿ ಬರುತ್ತಿದ್ದಾಗ ಎಡಗಡೆಯ ಹಿಂದಿನ ಸ್ಪ್ರಿಂಗ್ ಹ್ಯಾಂಗರು ಚಾಸಿಯನ್ನೇ ಹರಿದುಕೊಂಡು ಬಂತು. ಮೂಟೆಗಳ ಮೇಲೆ ಇಬ್ಬರು ಆಳುಗಳು ಕುಳಿತಿದ್ದರು. ಗಾಡಿ ಮಗುಚದೆ ಒಂದು ಸಿಲ್ವರ್ ಮರಕ್ಕೆ ಒರಗಿ ನಿಂತದ್ದು ಅವರ ಪುಣ್ಯ, ನಮ್ಮ ಪುಣ್ಯ. ಆಮೇಲೆ ಕೆರೆದು ನೋಡಿದರೆ, ತುಕ್ಕು ತಿಂದ ಚಾಸಿಯ ಮೇಲೆ ತಗಡಿನ ತೇಪೆ ಹಾಕಿ, ವೆಲ್ಡ್ ಮಾಡಿ, ಮೇಲೆ ದಪ್ಪಗೆ ಕರಿಬಣ್ಣ ಬಳಿದಿದ್ದರು. ಮಾರಿದವನನ್ನು ದೂರುವುದಕ್ಕಿಂತ ನಮ್ಮನ್ನೇ ದೂರಿಕೊಳ್ಳಬೇಕು. ಅಡಿಗೆ ಬಗ್ಗಿ ನೋಡಿದ್ದರೆ ಅಂದೇ ಕಾಣುತ್ತಿತ್ತು.

ಆದ್ದರಿಂದ ಮೊದಲ ಕೆಲಸ ಅದು. ಹಳೆಯ ಗೋಣಿಯೊಂದನ್ನು ಹಾಸಿಕೊಂಡು ಗಾಡಿಯ ಅಡಿಗೆ ಹೋಗಿ; ಟಾರ್ಚು, ಸಣ್ಣ ಸುತ್ತಿಗೆ, ಸ್ಕ್ರೂ ಡ್ರೈವರ್ ಜೊತೆಗಿರಲಿ. ಚಾಸಿಯ ಉದ್ದಕ್ಕೂ ತಟ್ಟುತ್ತ ಬನ್ನಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಒಳಗೆ ತುಕ್ಕು ಹಿಡಿದದ್ದು ಒಡೆದ ಮಡಕೆಯಂತೆ ಸದ್ದು ಮಾಡುತ್ತದೆ. ಸ್ಪ್ರಿಂಗು ಕಟ್ಟಿರುವ ಜಾಗ, ಸ್ಟೀರಿಂಗ್ ಬಾಕ್ಸ್ ಕೂತಿರುವ ಜಾಗ, ಅಡ್ಡ ಪಟ್ಟಿಗಳ ಕೂಡು, ಇವೇ ಬಿರುಕು ಬಿಡುವ ಸ್ಥಳಗಳು. ಗಾಡಿ ಹಳೆಯದಾಗಿದ್ದು ಅಡಿಭಾಗಕ್ಕೆ ಮಾತ್ರ ಹೊಸ ಬಣ್ಣವಿದ್ದರೆ, ಬಣ್ಣ ಯಾಕೆ ಬಳಿದಿರಿ ಎಂದು ಕೇಳಿ, ಅಲ್ಲಿ ಸ್ಕ್ರೂ ಡ್ರೈವರ್ ಚುಚ್ಚಿ ನೋಡಿ. ಮಾರುವವನು ಬೇಡವೆಂದರೆ ಅಲ್ಲಿಂದ ಎದ್ದು ಬರುವುದು ಲೇಸು.

ಅಡಿಯಲ್ಲಿರುವಾಗಲೇ ಮುಂದಿನ ಆಕ್ಸಲ್ ನೋಡಿ. ನೋಡಲು ಜೀಪಿನಂತಿದ್ದರೂ ಎಷ್ಟೋ ಗಾಡಿಗಳು ಹಿಂದಿನ ಚಕ್ರಕ್ಕೆ ಮಾತ್ರ ಎಳೆತವಿರುವವು. ಥಾರ್‌ನಲ್ಲೂ 2023ರ ಜನವರಿಯಿಂದ ಅಂಥದ್ದು ಬಂದಿದೆ. ಮುಂದಿನ ಆಕ್ಸಲ್ಲಿಗೆ ಕ್ರೌನ್ ಇರುವ ಗುಂಡನೆಯ ಹೌಸಿಂಗ್, ಅಲ್ಲಿಗೆ ಬರುವ ಪ್ರೊಪೆಲ್ಲರ್ ಶಾಫ್ಟ್ ಎರಡೂ ಇರಬೇಕು. ಕೆಲವರು ಕ್ರಾಸು ಸವೆದಾಗ ಖರ್ಚು ಉಳಿಸಲು ಶಾಫ್ಟನ್ನೇ ಬಿಚ್ಚಿ ಬಿಸಾಡಿರುತ್ತಾರೆ. ಒಳಗೆ ಲಿವರು ಮಾತ್ರ ಶೋಭೆಗೆ ನಿಂತಿರುತ್ತದೆ.

ಎಂಜಿನ್ನನ್ನು ಬೆಳಿಗ್ಗೆ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವ ಹೊತ್ತಿಗೆ ಬಾನೆಟ್ ಬೆಚ್ಚಗಿದ್ದರೆ ಮರುದಿನ ಬರುತ್ತೇವೆಂದು ಹೇಳಿ. ನೀಲಿ ಹೊಗೆ ಬಿಡದೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ.

ಓಡಿಸಿ ನೋಡಲು ನಾವು ಹೇಳುವ ದಾರಿ ಹಲಸೂರಿನಿಂದ ಹಳೇ ಮದ್ರಾಸು ರಸ್ತೆ ಹಿಡಿದು ಕೆ.ಆರ್. ಪುರದ ಕಡೆಗೆ. ಟಿನ್ ಫ್ಯಾಕ್ಟರಿ ಬಳಿಯ ವಾಹನಗಳ ಸಂದಣಿಯನ್ನು ಎಲ್ಲರೂ ಬೈಯುತ್ತಾರೆ. ಹಳೆಯ ಜೀಪಿನ ರೇಡಿಯೇಟರ್ ಪರೀಕ್ಷೆಗೆ ಅಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಅರ್ಧ ಗಂಟೆ ತೆವಳಿದರೂ ಬಿಸಿಯ ಮುಳ್ಳು ಏರದಿದ್ದರೆ ಮುಂದಿನ ಮಾತು. ಘಾಟಿಯಿಲ್ಲದ ಊರಾದ್ದರಿಂದ ಗೇರು ಜಾರುವುದು ಅಲ್ಲಿ ತಿಳಿಯುವುದಿಲ್ಲ. ಎರಡನೇ ಗೇರಿನಲ್ಲಿ ಜೋರಾಗಿ ಎಳೆಸಿ ಥಟ್ಟನೆ ಆಕ್ಸಿಲೇಟರ್ ಬಿಡಿ; ಸವೆದ ಗೇರು ಆಗ ಹೊರಬೀಳುತ್ತದೆ. ಫೋರ್ ವೀಲನ್ನು ಒಣಗಿದ ಟಾರು ರಸ್ತೆಯಲ್ಲಿ ಹಾಕಿ ತಿರುಗಿಸಬೇಡಿ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಉರುಳುವುದರಿಂದ ಗೇರುಗಳು ಬಿಗಿದುಕೊಳ್ಳುತ್ತವೆ. ಟಾರು ಕಾಣದ ಮಣ್ಣಿನ ಜಾಗದಲ್ಲಿ ಹಾಕಿ, ಒಬ್ಬರು ಹೊರಗೆ ನಿಂತು ಮುಂದಿನ ಚಕ್ರ ಮಣ್ಣು ಕೆದಕುವುದನ್ನು ಕಣ್ಣಾರೆ ನೋಡಲಿ.

ಇನ್ನು ಕಾಗದ. ಚಾಸಿಯ ಮೇಲೆ ಕೆತ್ತಿದ ನಂಬರಿನ ಮೇಲೆ ಹಾಳೆಯಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಎಂಜಿನ್ ನಂಬರನ್ನೂ ಬರೆದುಕೊಂಡು ಎರಡನ್ನೂ ಆರ್.ಸಿ.ಯೊಡನೆ ತಾಳೆ ನೋಡಿ. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದ್ದು ಆರ್.ಸಿ.ಯಲ್ಲಿ ಏರದಿದ್ದರೆ ತೊಂದರೆ ಕೊಂಡವರಿಗೇ. ಸಾಲ, ಪೊಲೀಸ್ ದಂಡ ಬಾಕಿ ಇವೆಯೇ ಎಂಬುದನ್ನೂ ವಿಚಾರಿಸಿ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಗಾಡಿಗೆ 2025ರಲ್ಲಿ 10,000 ಮಾಡಿದರು. ಹೊರರಾಜ್ಯದ ಗಾಡಿಯಾದರೆ ಅಲ್ಲಿನ ನಿರಾಕ್ಷೇಪಣ ಪತ್ರವೂ ಇಲ್ಲಿನ ತೆರಿಗೆಯೂ ಬೇಕು. ಹಲಸೂರಿನ ಸುತ್ತ ಸೇನೆಯ ನೆಲೆಯಿರುವುದರಿಂದ "ಮಿಲಿಟರಿ ಗಾಡಿ ಸಾರ್" ಎಂಬ ಮಾತು ಆ ಕಡೆ ಸಲೀಸು. ಹರಾಜಿನ ಅಸಲು ಕಾಗದ, ಆಮೇಲೆ ಆದ ನೋಂದಣಿ ಎರಡನ್ನೂ ತೋರಿಸದ ಹೊರತು ಅದು ಬರೀ ಹಸಿರು ಬಣ್ಣ.

29 ಮತ್ತು 30ನೇ ನಮೂನೆಗೆ ಸಹಿ ಹಾಕಿಸಿಕೊಂಡು ಪೆಟ್ಟಿಗೆಯಲ್ಲಿಟ್ಟು ವರ್ಷಗಟ್ಟಲೆ ಓಡಿಸುವ ರೂಢಿ ನಮ್ಮಲ್ಲಿದೆ. ಹೆಸರು ಬದಲಾವಣೆಗೆ ತಡಮಾಡದೆ ಅರ್ಜಿ ಕೊಡಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಕೇಳಿಕೊಳ್ಳಿ. ಹಳೆಯ ಗಾಡಿಯನ್ನು ಬದಲಿಗೆ ಕೊಟ್ಟು ಬರುವ ಸದಸ್ಯರು ಇದನ್ನು ಇನ್ನೂ ಗಮನಿಸಬೇಕು. ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿದೆ. ನೀವು ಕೊಟ್ಟು ಬಂದ ಜೀಪು ಎಲ್ಲೋ ಯಾರಿಗೋ ಗುದ್ದಿದರೆ, ಹೆಸರು ಬದಲಾಗದಿದ್ದಲ್ಲಿ, ಪರಿಹಾರದ ನೋಟೀಸು ನಿಮ್ಮ ಮನೆಗೇ ಬರುತ್ತದೆ. ಎರಡೂ ನಮೂನೆಗಳು ಸಂಘದ ಕಚೇರಿಯಲ್ಲಿವೆ. ಬೆಂಗಳೂರಿಗೆ ಹೊರಡುವ ಮುನ್ನ ಒಂದು ಜೊತೆ ತೆಗೆದುಕೊಂಡು ಹೋಗಬಹುದು.