ಮರೆವಿಗೊಂದು ಅಳತೆಗೋಲು

ಯಾವ ದೇಶದವರ ಜ್ವರವನ್ನಾದರೂ ಒಂದೇ ಉಷ್ಣತಾಮಾಪಕದಿಂದ ಅಳೆಯಬಹುದು. ಅದಕ್ಕೆ ಭಾಷೆಯ ಹಂಗಿಲ್ಲ. ಆದರೆ ಡಿಮೆನ್ಷಿಯ, ಎಂದರೆ ಮೆದುಳಿನ ರೋಗದಿಂದ ನೆನಪು, ವಿವೇಚನೆಗಳು ಕುಗ್ಗುವ ಸ್ಥಿತಿ, ಎಷ್ಟು ತೀವ್ರವಾಗಿದೆಯೆಂಬುದನ್ನು ಬಹುಮಟ್ಟಿಗೆ ಪ್ರಶ್ನೆಗಳಿಂದಲೇ ಅಳೆಯಬೇಕು. ಪ್ರಶ್ನೆಗಳಿಗಾದರೋ ಭಾಷೆಯೂ ಉಂಟು, ಊರೂ ಉಂಟು.

1975ರಲ್ಲಿ ಅಮೆರಿಕದ ಫೋಲ್‌ಸ್ಟೀನ್ ಮತ್ತು ಸಂಗಡಿಗರು ಪ್ರಕಟಿಸಿದ 30 ಅಂಕಗಳ ಕಿರುಪರೀಕ್ಷೆಯನ್ನು ನೋಡೋಣ. ಅದರಲ್ಲಿ ‘ಕಣ್ಣು ಮುಚ್ಚಿ’ ಎಂಬ ಬರಹವನ್ನು ಓದಿ ಹಾಗೆಯೇ ಮಾಡಬೇಕು. ಒಂದು ವಾಕ್ಯವನ್ನು ಬರೆಯಬೇಕು. ಅಕ್ಷರ ಕಲಿಯದ ವೃದ್ಧೆ ಇದರಲ್ಲಿ ಸೋತರೆ ಅದು ರೋಗದ ಲಕ್ಷಣವೇ? ಅಲ್ಲ, ಶಾಲೆ ಕಾಣದ ಬಾಲ್ಯದ ಗುರುತು.

ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಸಂಶೋಧನೆ ನಡೆಸಿದ ಭಾರತ-ಅಮೆರಿಕ ತಂಡಕ್ಕೆ ಎದುರಾದ ತೊಡಕು ಇದೇ. ಮೇರಿ ಗಂಗೂಲಿ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಹಿಂದೀ ಪರೀಕ್ಷೆಯಲ್ಲಿ ಪರೀಕ್ಷಕರೇ ಕಣ್ಣು ಮುಚ್ಚಿ ತೋರಿಸುತ್ತಾರೆ, ವೃದ್ಧರು ಅನುಕರಿಸುತ್ತಾರೆ. ಬರೆಯುವ ಬದಲು ತಮ್ಮ ಮನೆಯ ವಿಷಯವಾಗಿ ಒಂದು ಮಾತು ಹೇಳುತ್ತಾರೆ.

ರೋಗದ ತೀವ್ರತೆಯನ್ನು ತಿಳಿಯಲು ಇಷ್ಟು ಸಾಲದು. ದಿನನಿತ್ಯದ ಬದುಕನ್ನೂ ವಿಚಾರಿಸಬೇಕು. ಹಣದ ಲೆಕ್ಕವನ್ನು ಎಂದೂ ನೋಡದ ಅಜ್ಜಿ ಈಗಲೂ ನೋಡದಿದ್ದರೆ ಅದು ನಷ್ಟವಲ್ಲ. ಇದಕ್ಕೆ ವಿರುದ್ಧವಾಗಿ, ಸೊಸೆ ಮೊಮ್ಮಕ್ಕಳು ಎಲ್ಲವನ್ನೂ ಮಾಡಿಕೊಡುವ ಮನೆಯಲ್ಲಿ ನಿಜವಾದ ನಷ್ಟವೂ ಕಣ್ಣಿಗೆ ಬೀಳದೆ ಹೋಗಬಹುದು. ಆದ್ದರಿಂದಲೇ ಆ ಹಳ್ಳಿಗಳಿಗಾಗಿ ರಚಿಸಿ 1999ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ, ಉಂಡದ್ದನ್ನು ಮರೆತು ಮತ್ತೆ ಊಟ ಕೇಳುತ್ತಾರೆಯೇ, ಊರಿನೊಳಗೆ ದಾರಿ ತಪ್ಪುತ್ತಾರೆಯೇ ಎಂದು ಮನೆಯವರನ್ನು ಕೇಳುತ್ತದೆ.

ಪ್ರಶ್ನೆಗಳನ್ನು ಬದಲಿಸಿದೊಡನೆ ಅಳತೆಗೋಲು ಸಿದ್ಧವಾಯಿತೆಂದಲ್ಲ. ಅದನ್ನೇ ಮೊದಲು ಪರೀಕ್ಷಿಸಬೇಕು. ಇಬ್ಬರು ಪರೀಕ್ಷಕರು ಒಬ್ಬರನ್ನೇ ಪರೀಕ್ಷಿಸಿದಾಗ ಅಂಕಗಳು ಹೊಂದುತ್ತವೆಯೇ? ಈ ಅಂಕಗಳನ್ನು ಅರಿಯದ ವೈದ್ಯರು ಬೇರೆಯಾಗಿ ಕೊಟ್ಟ ತೀರ್ಮಾನಕ್ಕೆ ಅವು ಸರಿಹೋಗುತ್ತವೆಯೇ? ರೋಗಿಗಳಲ್ಲಿ ಎಷ್ಟು ಮಂದಿಯನ್ನು ಅದು ಹಿಡಿಯುತ್ತದೆ, ಆರೋಗ್ಯವಂತರಲ್ಲಿ ಎಷ್ಟು ಮಂದಿಯನ್ನು ಸರಿಯಾಗಿ ಬಿಟ್ಟುಬಿಡುತ್ತದೆ? ಓದಿದವರಿಗೂ ಓದದವರಿಗೂ ಅದು ಒಂದೇ ನ್ಯಾಯ ನೀಡುತ್ತದೆಯೇ? ಇವಿಷ್ಟಕ್ಕೂ ಉತ್ತರ ದೊರೆತ ಮೇಲೆಯೇ ಅದು ನಂಬಿಕೆಗೆ ಅರ್ಹವಾಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಲ್ಲಿ ಇಂಥ ಪರೀಕ್ಷೆಗಳ ಸಮೂಹವೊಂದು ರೂಪುಗೊಂಡಿದೆ. ಭಾಷಾಂತರಕ್ಕೆ ನಿಘಂಟು ಸಾಕಾದೀತು. ಅಳತೆಗೆ ಜನಜೀವನದ ಅರಿವೂ ಬೇಕು. ತಪ್ಪು ಅಳತೆಯಿಂದ ಆರೋಗ್ಯವಂತ ಮುದುಕರಿಗೆ ರೋಗಿಯೆಂಬ ಹೆಸರು ಬರುತ್ತದೆ. ರೋಗಿಗೆ ‘ವಯಸ್ಸಾಯಿತು’ ಎಂಬ ಸಮಾಧಾನವಷ್ಟೇ ಉಳಿಯುತ್ತದೆ.