ಕಾರಿನ ನಾಡಿ ನೋಡುವ ಉಪಕರಣ

ಮೋಟಾರು ಕಾರನ್ನು ನಡೆಸುವವರ ಎದುರಿನ ಫಲಕದಲ್ಲಿ ಎಂಜಿನ್ನಿನ ಚಿತ್ರವುಳ್ಳ ಹಳದಿ ದೀಪವು ಹೊತ್ತಿಕೊಂಡಿತೆಂದರೆ, ಕಾರಿನೊಳಗಿನ ಗಣಕವು ಯಾವುದೋ ದೋಷವನ್ನು ಕಂಡು ನೆನಪಿನಲ್ಲಿಟ್ಟುಕೊಂಡಿದೆ ಎಂದರ್ಥ. ಆ ನೆನಪನ್ನು ಓದಿ ಹೇಳುವ ಉಪಕರಣವೇ ಸ್ಕ್ಯಾನರ್. ಮನೆಯಲ್ಲಿಯೇ ಕಾರನ್ನು ರಿಪೇರಿ ಮಾಡಿಕೊಳ್ಳಬಯಸುವವರು ಎಂತಹ ಸ್ಕ್ಯಾನರನ್ನು ಆರಿಸಿಕೊಳ್ಳಬೇಕೆಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ಸ್ಟಿಯರಿಂಗ್ ಚಕ್ರದ ಕೆಳಭಾಗದಲ್ಲಿ ಸಾಮಾನ್ಯವಾಗಿ ಹದಿನಾರು ಪಿನ್ನುಗಳ ಒಂದು ಕನೆಕ್ಟರ್ ಇರುತ್ತದೆ. ಅಮೆರಿಕದಲ್ಲಿ ೧೯೯೬ರಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯವಾಯಿತು. ನಮ್ಮ ದೇಶದಲ್ಲಿ ೨೦೧೦ರ ತರುವಾಯ, ಭಾರತ್ ಸ್ಟೇಜ್ ೪ರ ನಿಯಮಗಳೊಡನೆ, ಹಂತಹಂತವಾಗಿ ಬಂದಿತು. ಇದರ ಮೂಲ ಉದ್ದೇಶ ಹೊಗೆಯ ನಿಯಂತ್ರಣ. ಆದುದರಿಂದ ಹೊಗೆಗೆ ಸಂಬಂಧಿಸಿದ ಮುಖ್ಯ ದೋಷಗಳಿಗೆ ಎಲ್ಲ ತಯಾರಕರ ಕಾರುಗಳಲ್ಲಿಯೂ ಒಂದೇ ಸಂಕೇತವುಂಟು. ಬ್ರೇಕಿನ ಎ.ಬಿ.ಎಸ್., ಏರ್‌ಬ್ಯಾಗ್ ಮುಂತಾದುವುಗಳ ಸಮಾಚಾರವು ಅಗ್ಗದ ಸ್ಕ್ಯಾನರಿಗೆ ಸಾಮಾನ್ಯವಾಗಿ ಎಟುಕುವುದಿಲ್ಲ.

ಅನ್ನಪೂರ್ಣೇಶ್ವರಿ ನಗರದ ಮನೆಯೊಂದರ ಮುಂದೆ ಒಂದು ಪೆಟ್ರೋಲ್ ಕಾರು ನಿಂತಿದೆಯೆಂದು ಭಾವಿಸೋಣ. ಅದರ ಎಂಜಿನ್ನಿನಲ್ಲಿ ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರ್ ಇದೆ. ಸ್ಕ್ಯಾನರಿನಲ್ಲಿ 'ಪಿ ೦೧೭೧' ಎಂಬ ಸಂಕೇತ ಮೂಡಿತು: ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ. ಆಕ್ಸಿಜನ್ ಸೆನ್ಸರ್ ಕೆಟ್ಟಿತೆಂದು ತೀರ್ಮಾನಿಸಿ ಹೊಸದನ್ನು ತರಲು ಜೆ.ಸಿ. ರಸ್ತೆಗೆ ಓಡುವವರುಂಟು. ಪಾಪ, ಆ ಸೆನ್ಸರ್ ವರದಿಗಾರ ಮಾತ್ರ! ದೋಷವು ಬಿರುಕುಬಿಟ್ಟ ರಬ್ಬರ್ ಕೊಳವೆಯಲ್ಲಿರಬಹುದು. ಗಾಳಿ ಅಳೆಯುವ ಸೆನ್ಸರಿನ ಮೇಲೆ ಕುಳಿತ ಧೂಳಿನಲ್ಲಿರಬಹುದು. ಪೆಟ್ರೋಲ್ ಪಂಪು ದುರ್ಬಲವಾಗಿರಲೂಬಹುದು. ಸಂಕೇತವು ರೋಗಲಕ್ಷಣವನ್ನು ಹೇಳುತ್ತದೆಯೇ ಹೊರತು ಕೆಟ್ಟ ಭಾಗವನ್ನಲ್ಲ.

ಇವುಗಳಲ್ಲಿ ಯಾವುದೆಂದು ತಿಳಿಯಲು ಎಂಜಿನ್ ಓಡುತ್ತಿರುವಾಗಲೇ ಅಂಕಿಗಳನ್ನು ತೋರಿಸುವ ಸ್ಕ್ಯಾನರ್ ಬೇಕು. 'ಫ್ಯೂಯಲ್ ಟ್ರಿಮ್' ಎಂಬ ಅಂಕಿಯು, ಗಣಕವು ತನ್ನ ಲೆಕ್ಕಕ್ಕಿಂತ ಶೇಕಡ ಎಷ್ಟು ಪೆಟ್ರೋಲನ್ನು ಹೆಚ್ಚಾಗಿ ಸುರಿಯುತ್ತಿದೆ ಎಂಬುದನ್ನು ತಿಳಿಸುತ್ತದೆ. ಕಾರು ನಿಂತಲ್ಲಿಯೇ ಮೆಲ್ಲಗೆ ಓಡುವಾಗ ಅದು ೨೫ ಇದ್ದು, ನಿಮಿಷಕ್ಕೆ ೨,೫೦೦ ಸುತ್ತುಗಳಿಗೆ ಏರಿಸಿದಾಗ ೫ಕ್ಕೆ ಇಳಿದರೆ, ಕೊಳವೆಯ ಬಿರುಕಿನಿಂದ ಗಾಳಿ ನುಸುಳುತ್ತಿದೆ ಎಂದು ಊಹಿಸಬಹುದು. ಏಕೆಂದರೆ ಎಂಜಿನ್ ಸ್ವಲ್ಪವೇ ಗಾಳಿಯನ್ನು ಎಳೆದುಕೊಳ್ಳುವಾಗ ಕಳ್ಳಗಾಳಿಯ ಪಾಲು ದೊಡ್ಡದು; ಬಹಳವಾಗಿ ಎಳೆದುಕೊಳ್ಳುವಾಗ ಅದೇ ಪಾಲು ಅತ್ಯಲ್ಪ. ಇದಕ್ಕೆ ಬದಲಾಗಿ, ಹೊರವರ್ತುಲ ರಸ್ತೆಯಲ್ಲಿ ಎಂಜಿನ್ನಿನ ಮೇಲೆ ಭಾರ ಬಿದ್ದಂತೆಲ್ಲ ಅಂಕಿ ಏರುತ್ತ ಹೋದರೆ ಪೆಟ್ರೋಲಿನ ಪೂರೈಕೆಯನ್ನೋ ಗಾಳಿಯ ಸೆನ್ಸರನ್ನೋ ಶಂಕಿಸಬೇಕು. (ಅಂಕಿಗಳನ್ನು ಓದುವವರು ಪಕ್ಕದಲ್ಲಿ ಕುಳಿತವರಾಗಿರಲಿ, ಕಾರು ನಡೆಸುವವರಲ್ಲ.)

ಕೇವಲ ಸಂಕೇತವನ್ನು ತೋರಿಸಿ ಅಳಿಸುವ ಉಪಕರಣವು ನಮ್ಮ ಅಭಿಪ್ರಾಯದಲ್ಲಿ ಅಗ್ಗವಾದರೂ ದುಬಾರಿಯೇ. ಬ್ಲೂಟೂತ್ ಮೂಲಕ ಮೊಬೈಲಿಗೆ ಅಂಕಿಗಳನ್ನು ಕಳುಹಿಸುವ ಪುಟ್ಟ ಅಡಾಪ್ಟರ್ ವಿದ್ಯಾರ್ಥಿಗಳಿಗೆ ಸಾಕು. ಅದು ತಮ್ಮ ಕಾರಿನ ಮಾದರಿಗೂ ಮೊಬೈಲಿಗೂ ಹೊಂದುವುದೇ ಎಂದು ಮೊದಲು ಕೇಳಿಕೊಳ್ಳಬೇಕು. ಕೆಲಸ ಮುಗಿದೊಡನೆ ಅದನ್ನು ಕಳಚಿಡುವುದು ಮೇಲು. ಕನೆಕ್ಟರಿನ ಹದಿನಾರನೆಯ ಪಿನ್ನಿಗೆ ಬ್ಯಾಟರಿಯ ವಿದ್ಯುತ್ತು ಸದಾ ಹರಿಯುವುದರಿಂದ, ವಾರಗಟ್ಟಲೆ ನಿಂತ ಕಾರಿನ ಬ್ಯಾಟರಿ ಇಳಿದುಹೋದೀತು.

ಸಂಕೇತವನ್ನು ಅಳಿಸುವ ಮುನ್ನ ಅದನ್ನು ಬರೆದಿಟ್ಟುಕೊಳ್ಳಬೇಕು. ಅಳಿಸಿದಾಗ, ದೋಷ ಕಂಡ ಕ್ಷಣದಲ್ಲಿದ್ದ ವೇಗ, ಶಾಖ ಮೊದಲಾದ ದಾಖಲೆಗಳೂ ಮಾಯವಾಗುವುವು. ಕಾರಿನ ಸ್ವಯಂಪರೀಕ್ಷೆಗಳೂ 'ಅಪೂರ್ಣ' ಎಂಬ ಸ್ಥಿತಿಗೆ ಮರಳುವುವು. ಹಳೆಯ ಕಾರನ್ನು ಕೊಳ್ಳಲು ಹೋದಾಗ ದೀಪ ಆರಿದ್ದರೂ ಪರೀಕ್ಷೆಗಳು ಅಪೂರ್ಣವೆಂದು ಕಂಡರೆ, ಸಂಕೇತವನ್ನು ಈಚೆಗೆ ಅಳಿಸಲಾಯಿತೇ ಅಥವಾ ಬ್ಯಾಟರಿಯನ್ನು ಕಳಚಲಾಗಿತ್ತೇ ಎಂದು ಮಾರುವವರನ್ನು ಕೇಳಬಹುದು.